ಮೂರನೇ ಕಾಲುವೆಯ ಗೇಟಿಗೆ ಹಾರೆಯಿಂದ ಹೊಡೆದದ್ದು ನಾನೇ

ನನ್ನ ಹೆಸರು ಹಂಪಮ್ಮ, ಗಂಡ ಸಾಬಣ್ಣ, ವಯಸ್ಸು ನಲವತ್ತೇಳು, ಉದ್ಯೋಗ ಗುತ್ತಿಗೆ ಹೊಲದಲ್ಲಿ ತರಕಾರಿ ಬೆಳೆಯುವುದು. ಸ್ವಂತ ಊರು ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಡೆ. ಹಾಲಿ ವಾಸ ಶಂಶಾಬಾದ್ ಹತ್ತಿರದ ತೂಮುಗೂಡೆಂ, ಕೆರೆಕಟ್ಟೆಯ ಕೆಳಗಿನ ತಗಡಿನ ಮನೆ. ಈ ದಿನ 23-02-2025, ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಈ ಹೇಳಿಕೆಯನ್ನು ಕನ್ನಡದಲ್ಲಿಯೇ ಬರೆದುಕೊಳ್ಳಬೇಕೆಂದು ನಾನು ಹಟ ಹಿಡಿದಿದ್ದೇನೆ. ತೆಲುಗು ನನಗೆ ಮಾತಾಡಲು ಬರುತ್ತದೆ, ಮಾರ್ಕೆಟ್ಟಿನಲ್ಲಿ ಜಗಳ ಆಡಲೂ ಬರುತ್ತದೆ, ಆದರೆ ಓದಲು ಬರುವುದಿಲ್ಲ. ನಾನು ಒಂದು ಹೇಳಿದರೆ ಇನ್ನೊಬ್ಬರು ಅದನ್ನು ತಮಗೆ ಬೇಕಾದ ಹಾಗೆ ತಿರುಚಿ ಹೇಳಿದ್ದನ್ನು ಮೊನ್ನೆ ಎದುರಿಗೇ ನಿಂತು ಕೇಳಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ. ನಾರಾಯಣಖೇಡ ಕಡೆಯವರಾದ ಹೆಡ್ ಕಾನ್‌ಸ್ಟೇಬಲ್ ಶೈಲಾ ಅವರಿಗೆ ಕನ್ನಡ ಗೊತ್ತಿರುವುದರಿಂದ ಅವರು ಬರೆದುಕೊಳ್ಳುತ್ತಿದ್ದಾರೆ. ಯಾರ ಬಾಯಿಂದ ಏನು ಬಂತೋ ಅದನ್ನು ಬಂದ ಹಾಗೆಯೇ ಬರೆಯಬೇಕೆಂದು ಕೇಳಿಕೊಂಡಿದ್ದೇನೆ, ಅವರು ಒಪ್ಪಿದ್ದಾರೆ.

ನಮ್ಮ ಕೆರೆಯ ಕಾಲುವೆಗಳಿಗೆ ನೀರು ಬಿಡುವ ಅಂಬಾದಾಸ ಎಂಬುವನನ್ನು ನಿನ್ನೆ ಶನಿವಾರ ಸಾಯಂಕಾಲ ನಾಲ್ಕು ಗಂಟೆಗೆ ಠಾಣೆಯವರು ಹಿಡಿದು ತಂದಿದ್ದಾರೆ. ಗೇಟು ಒಡೆದು ನೀರು ಕದ್ದ ಎಂದು ಅವನ ಮೇಲೆ, ಗೇಟು ಕೂರಿಸಿದ ಜಲಮಿತಿ ಕಂಪನಿಯವರು ದೂರು ಕೊಟ್ಟಿದ್ದಾರೆ. ಅವನು ಒಡೆದಿಲ್ಲ. ಹೊಡೆದವಳು ನಾನು. ಕದ್ದವರಂತೂ ಯಾರೂ ಇಲ್ಲ. ಇದನ್ನು ಹೇಳಲು ಬಂದಿದ್ದೇನೆ, ಆದರೆ ಇಷ್ಟೇ ಹೇಳಿ ಎದ್ದು ಹೋಗುವವಳಲ್ಲ.

ನಾವು ಈ ಊರಿಗೆ ಬಂದದ್ದು ವಿಮಾನ ನಿಲ್ದಾಣದ ಗೋಡೆ ಕಟ್ಟುವ ಕೆಲಸಕ್ಕೆ. ಗೋಡೆ ಮುಗಿದ ಮೇಲೆ ಕೆಲವರು ಬೇರೆ ಕಟ್ಟಡಕ್ಕೆ ಹೋದರು, ನಾವು ಕೆಲವು ಮನೆಯವರು ಕೆರೆಯ ಕೆಳಗೆ ಹೊಲ ಗುತ್ತಿಗೆ ಹಿಡಿದು ನಿಂತೆವು. ಕೆರೆಗೆ ನಾಲ್ಕು ಕಾಲುವೆ. ಮೂರನೆಯದು ನಮ್ಮದು. ಟೊಮೆಟೊ, ಚವಳಿಕಾಯಿ, ಪಾಲಕ್, ಕೊತ್ತಂಬರಿ ಬೆಳೆದು ಶಂಶಾಬಾದ್ ಮಾರ್ಕೆಟ್ಟಿಗೆ ಹಾಕುತ್ತೇವೆ. ನೀರು ಪಾಳಿಯ ಮೇಲೆ ಬರುತ್ತದೆ. ನಿಮ್ಮ ಪಾಳಿ ಮುಗಿಯಿತೆಂದರೆ ಮುಗಿಯಿತು, ಮುಂದಿನವರಿಗೆ ಬಿಡಬೇಕು. ನಾಲ್ಕೂ ಕಾಲುವೆಯಲ್ಲಿ ಪಾಳಿ ನೋಡಿ ಹೊಲಹೊಲಕ್ಕೆ ನೀರು ತಿರುಗಿಸುವುದು ಅಂಬಾದಾಸನ ಕೆಲಸ, ಅದಕ್ಕೆ ನಾವು ಬೆಳೆಯಲ್ಲಿ ಅವನಿಗೊಂದು ಪಾಲು ಕೊಡುತ್ತೇವೆ.

ಹೊಸ ಗೇಟು ಬೇಡ ಎಂದು ನಾನು ಎಂದೂ ಹೇಳಿಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ಹಳೆಯ ಹಲಗೆ ಗೇಟಿನಲ್ಲಿ ಅರ್ಧ ನೀರು ಹೊಲಕ್ಕೆ, ಅರ್ಧ ಹಳ್ಳಕ್ಕೆ ಹೋಗುತ್ತಿತ್ತು. ಅದನ್ನು ನೋಡಿ ನನ್ನ ಹೊಟ್ಟೆ ಎಷ್ಟು ಸಲ ಉರಿದಿದೆಯೋ. ಕಂಪನಿಯವರು ಬಂದು, ಕಾಲುವೆ ಖಾಲಿಯಾದಾಗ ತಾನೇ ತೆರೆದುಕೊಳ್ಳುವ, ತುಂಬಿದಾಗ ತಾನೇ ಮುಚ್ಚಿಕೊಳ್ಳುವ ಗೇಟು ಕೂರಿಸುತ್ತೇವೆ, ನೀವು ಹನಿ ನೀರಾವರಿ ಪೈಪು ಹಾಕಿಕೊಳ್ಳಿ ಎಂದಾಗ ಮೊದಲು ಹೂಂ ಅಂದವಳು ನಾನು. ನಮ್ಮ ಕಾಲುವೆಯ ತಲೆಯಲ್ಲಿ ಹೊಲವಿರುವ ಶಾಂತಪ್ಪ, ನೀರು ಕುಡಿಯುವ ಭತ್ತ ಬಿಟ್ಟು ಪೈಪು ಹಾಕಲು ಒಲ್ಲೆ ಎಂದಿದ್ದ. ಅವನ ಮನೆಗೆ ಹೋಗಿ ಬೈದು, ಚಹಾ ಕುಡಿದು, ಮತ್ತೆ ಬೈದು ಒಪ್ಪಿಸಿದೆ. ನೀರು ಉಳಿಸುವುದು ಹೇಗೆಂದು ಯಾರೂ ನಮಗೆ ಪಾಠ ಹೇಳಬೇಕಾಗಿಲ್ಲ. ನಮ್ಮೂರಲ್ಲಿ ಪಾತ್ರೆ ತೊಳೆದ ನೀರಿನಲ್ಲೇ ಕರಿಬೇವಿನ ಗಿಡ ಬೆಳೆಸಿದವರು ನಾವು.

07-02-2025ರ ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಗೇಟಿನ ಉದ್ಘಾಟನೆ ಆಯಿತು. ಕಂಪನಿಯಿಂದ ಎಂಜಿನಿಯರ್ ಸುಶಾಂತ ಬಂದಿದ್ದರು. ಅವರದು ಹೈದರಾಬಾದಿನಲ್ಲೇ ಇರುವ ಕನ್ನಡದ ಮನೆ, ತಂದೆ ಸರಕಾರಿ ಕಾರ್ಖಾನೆಯಲ್ಲಿದ್ದವರಂತೆ. ನಮ್ಮ ಭಾಷೆಯವರು ಎಂದು ನಾನೂ ಹಿಗ್ಗಿದೆ, ಅವರಿಗೆಂದೇ ಮನೆಯಿಂದ ಶೇಂಗಾ ಹೋಳಿಗೆ ಒಯ್ದಿದ್ದೆ.

ಇಲ್ಲಿ ನಮ್ಮ ಪದ್ಧತಿ ಒಂದನ್ನು ಹೇಳಬೇಕು. ಹಂಗಾಮಿನ ಹೊಸ ನೀರು ಬಿಡುವಾಗ ನಾವು ಹೆಂಗಸರು ಕಾಲುವೆಯ ಬಾಯಿಯಲ್ಲಿ ಗಂಗವ್ವನಿಗೆ ಉಡಿ ತುಂಬುತ್ತೇವೆ. ಹಸಿರು ಖಣದಲ್ಲಿ ತೆಂಗಿನಕಾಯಿ, ಅಕ್ಕಿ, ಬಳೆ, ಎಲೆ ಅಡಿಕೆ ಕಟ್ಟಿ, ಬಾಯಿಯಲ್ಲಿದ್ದ ಕಲ್ಲಿನ ಕಂಬಕ್ಕೆ ಮೊಣಕಾಲೆತ್ತರದಲ್ಲಿ ಸಡಿಲ ಗಂಟು ಹಾಕಿ ಬಿಡುತ್ತೇವೆ. ನೀರು ಬಂದು ಅದನ್ನು ತಾನೇ ಬಿಡಿಸಿಕೊಂಡು ಒಯ್ಯಬೇಕು. ಕೈಯಿಂದ ಯಾರೂ ಬಿಚ್ಚುವುದಿಲ್ಲ. ಬಿಚ್ಚಿದರೆ ತವರಿಗೆ ಬಂದ ಮಗಳ ಉಡಿಯಿಂದ ಅಕ್ಕಿ ಕಸಿದುಕೊಂಡ ಹಾಗೆ. ಇದು ಇಲ್ಲಿಗೆ ಬರುವಾಗ ನಾವು ಊರಿನಿಂದ ತಂದ ಪದ್ಧತಿ.

ಆ ದಿನ ನೋಡಿದರೆ ಕಲ್ಲಿನ ಕಂಬವೇ ಇರಲಿಲ್ಲ. ಕಂಪನಿಯವರು ಕಿತ್ತು ಹಾಕಿದ್ದರು. ಅದರ ಜಾಗದಲ್ಲಿ ದಂಡೆಯ ಮೇಲೆ ಒಂದು ಕಬ್ಬಿಣದ ಕಂಬ, ಅದರಿಂದ ಕಾಲುವೆಯ ನಡುಮಧ್ಯಕ್ಕೆ ಚಾಚಿದ ಒಂದು ಕಬ್ಬಿಣದ ತೋಳು, ತೋಳಿನ ತುದಿಯಲ್ಲಿ ಕೆಳಗೆ ನೋಡುವ ಒಂದು ದುಂಡನೆಯ ಡಬ್ಬಿ. ಅದು ನೀರು ಎಷ್ಟು ಎತ್ತರ ಬಂದಿದೆ ಎಂದು ನೋಡುವ ಕಣ್ಣು ಎಂದು ಆಮೇಲೆ ತಿಳಿಯಿತು. ಉಡಿ ಎಲ್ಲಿ ಕಟ್ಟಬೇಕೆಂದು ನಾನು ಸುಶಾಂತರನ್ನೇ ಕೇಳಿದೆ. ಅವರು ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದವರು ತಲೆ ಎತ್ತಿ, "ಅಲ್ಲೇ ಆ ಆರ್ಮ್‌ಗೆ ಕಟ್ಟಿ ಅಮ್ಮ, ಫೋಟೋದಲ್ಲಿ ಚೆನ್ನಾಗಿ ಬರುತ್ತೆ" ಎಂದರು. ನಾನು ದಂಡೆಯ ಹತ್ತಿರ ಕಟ್ಟಿದೆ. ಅವರು ಬಂದು, ಕಂಪನಿಯ ಹೆಸರಿನ ಫಲಕ ಮರೆಯಾಗುತ್ತದೆ ಎಂದು ಗಂಟನ್ನು ತಾವೇ ತೋಳಿನ ತುದಿಗೆ ಸರಿಸಿದರು. ಉಡಿ ಸರಿಯಾಗಿ ಆ ಕಣ್ಣಿನ ಕೆಳಗೆ ಜೋತುಬಿತ್ತು. ಅವರ ಕೈ ಗಂಟಿನ ಮೇಲಿರುವ ಫೋಟೋವನ್ನು ಕಂಪನಿಯವರೇ ಎಲ್ಲರಿಗೂ ಕಳಿಸಿದ್ದಾರೆ. ನೋಡಬಹುದು.

ಆಮೇಲೆ ಒಂದು ಗುಂಡಿ ಒತ್ತಿ, ಇನ್ನು ಗೇಟು ತನ್ನಷ್ಟಕ್ಕೆ ತಾನೇ ಕೆಲಸ ಮಾಡುತ್ತದೆ, ಯಾರೂ ಮುಟ್ಟಬಾರದು ಎಂದು ಹೇಳಿ ಹೋಳಿಗೆ ತಿಂದು ಹೋದರು. ಪೂಜೆ ಮುಗಿದ ಮೇಲೆ ಈ ಹೆಂಗಸರು ಗಂಟನ್ನು ತೆಗೆಯುತ್ತಾರೆ ಎಂದು ಅವರು ತಿಳಿದಿದ್ದರಂತೆ. ನೀರು ಬಂದು ಒಯ್ಯುತ್ತದೆ ಎಂದು ನಾವು ತಿಳಿದಿದ್ದೆವು. ಅವರು ನಮ್ಮನ್ನು ಕೇಳಲಿಲ್ಲ, ನಾವೂ ಅವರನ್ನು ಕೇಳಲಿಲ್ಲ.

ಅಂದು ನೀರು ಬರಲಿಲ್ಲ. ಮರುದಿನವೂ ಬರಲಿಲ್ಲ. ಗೇಟು ತನ್ನ ಹೊತ್ತು ನೋಡಿ ತೆರೆಯುತ್ತದೆ ಎಂದು ಭಾನುವಾರವೂ ಕಾದೆವು. ಇಂಥದೇ ಗೇಟಿನ ಉಳಿದ ಮೂರು ಕಾಲುವೆಗೆ ನೀರು ಹರಿಯುತ್ತಿತ್ತು, ನಮ್ಮ ಗೇಟಿನ ಹಿಂದೆ ಮೊಳದಾಳದ ನೀರು ನಿಂತಿತ್ತು, ಗೇಟಿನ ಈಚೆ ಕಾಲುವೆಯ ತಳದಲ್ಲಿ ಓತಿಕ್ಯಾತ ಓಡಾಡುತ್ತಿತ್ತು. ಸೋಮವಾರ ಬೆಳಿಗ್ಗೆ ನಾನು ಕಾಲುವೆಯಲ್ಲಿ ಇಳಿದು ಕೂತು ಸುಶಾಂತರಿಗೆ ಫೋನು ಹಚ್ಚಿದೆ.

"ಅಮ್ಮ, ನಿಮ್ಮ ಕಾಲುವೆ ಫುಲ್ ಇದೆ. ನಾನು ಸ್ಕ್ರೀನ್ ನೋಡ್ತಾ ಇದ್ದೀನಿ, ನೂರಕ್ಕೆ ನೂರು ತೋರಿಸ್ತಾ ಇದೆ" ಎಂದರು.

"ನೂರಕ್ಕ ನೂರಾ? ನಾ ಈಗ ಕಾಲುವ್ಯಾಗ ಕುಂತೀನ್ರಿ ಸರ. ನನ್ನ ಸೀರಿಗೆ ಧೂಳು ಹತ್ತೈತಿ."

"ನೀವು ಬೇರೆ ಕಾಲುವೆಯಲ್ಲಿ ಇರಬೇಕು ಅಮ್ಮ. ಸಿಸ್ಟಮ್ ತಪ್ಪು ತೋರಿಸಲ್ಲ."

"ಏನಂದಿ? ನನ್ನ ಕಾಲುವಿ ಯಾವದಂತ ನನಗ ಹೇಳ್ತಿಯೇನಪಾ ನೀ? ಬಂದು ನೋಡು ಬಾ!"

ಅವರು ಬರಲಿಲ್ಲ. ಕಾಲುವೆಯ ವಿಡಿಯೋ ತೆಗೆದು ಕಳಿಸಿದೆ. ದೂರು ದಾಖಲಾಗಿದೆ, ಏಳು ಕೆಲಸದ ದಿನಗಳಲ್ಲಿ ನೋಡುತ್ತೇವೆ ಎಂದು ಮೆಸೇಜು ಬಂತು. ಚವಳಿಕಾಯಿಯ ಹೂವು ಏಳು ಕೆಲಸದ ದಿನ ಕಾಯುತ್ತದೆಯೇ, ಠಾಣೆಯ ಸಾಹೇಬರೇ ಹೇಳಲಿ.

ಅಂಬಾದಾಸನಿಗೆ ಗೇಟು ತೆರೆ ಎಂದೆವು. ತೆರೆಯಲು ಅವನ ಹತ್ತಿರ ಏನಿತ್ತು? ಹಲಗೆ ಇಲ್ಲ, ತಿರುವುವ ಚಕ್ರ ಇಲ್ಲ, ಎಲ್ಲವನ್ನೂ ಕಂಪನಿಯವರು ಲಾರಿಯಲ್ಲಿ ಒಯ್ದಿದ್ದರು. ಹೂವು ಉದುರಲು ಶುರುವಾಯಿತು. ಟೊಮೆಟೊ ಸಸಿಗೆ ನಾನೂ ನನ್ನ ಗಂಡನೂ ಕೊಡದಿಂದ ನೀರು ಹೊತ್ತು ಹಾಕಿದೆವು. ಬೆನ್ನು ಹಿಡಿದು ಗಂಡ ಮಲಗಿಬಿಟ್ಟ. ತಲೆಯಲ್ಲಿರುವ ಶಾಂತಪ್ಪನೇ ಏನೋ ಮಾಡಿ ನೀರು ತಿರುಗಿಸಿಕೊಂಡಿದ್ದಾನೆ ಎಂದು ಸಿಟ್ಟು ನೆತ್ತಿಗೇರಿ ಅವನ ಮನೆ ಮುಂದೆ ನಿಂತು ಬಾಯಿಗೆ ಬಂದ ಹಾಗೆ ಬೈದೆ. ಆ ಮನುಷ್ಯ ನನ್ನನ್ನು ತನ್ನ ಹೊಲಕ್ಕೆ ಕರೆದುಕೊಂಡು ಹೋದ. ಅಲ್ಲಿ ಹೊಸ ಪೈಪು ಹಾಕಿದ ಸಾಲುಗಳೆಲ್ಲ ಬಾಡಿ ನೆಲಕ್ಕೆ ಬಿದ್ದಿದ್ದವು. "ನಿನ್ನ ಮಾತ ಕೇಳಿ ಭತ್ತ ಬಿಟ್ಟೆ ತಂಗಿ. ಈಗ ನೀನೇ ಬೈಯಾಕತ್ತಿ" ಎಂದ.

19ನೇ ತಾರೀಕು ಬುಧವಾರ ಸುಶಾಂತರೇ ಫೋನು ಮಾಡಿದರು. ನೀರು ಬಿಡಿಸಲು ಬರುತ್ತಾರೆಂದು ತಿಳಿದೆ. ಅವರು, ಬರೀ ನಿಮ್ಮ ಕೆರೆಯ ನಾಲ್ಕು ಕಾಲುವೆಗಳಲ್ಲಷ್ಟೇ ಅಲ್ಲ, ಕಂಪನಿ ಗೇಟು ಹಾಕಿದ ಎಲ್ಲ ಕಾಲುವೆಗಳಲ್ಲಿ ನಿಮ್ಮದೇ ಮೊದಲು, ಅತಿ ಹೆಚ್ಚು ನೀರು ಉಳಿಸಿದ್ದೀರಿ, ನಾಳೆ ದಿಲ್‌ಸುಖ್‌ನಗರದ ಹಾಲ್‌ನಲ್ಲಿ ನಿಮಗೆ ಸನ್ಮಾನ ಎಂದರು. ನಾನು ಫೋನನ್ನು ಕಿವಿಯಿಂದ ತೆಗೆದು ಅದನ್ನೇ ನೋಡಿದೆ. ಸಿಕ್ಕಿದ್ದೇ ಅವಕಾಶ, ದೊಡ್ಡವರ ಮುಂದೆಯೇ ಹೇಳಿಬಿಡೋಣ ಎಂದು ಗುರುವಾರ ಬಸ್ಸು ಹತ್ತಿ ಹೋದೆ.

ಹಾಲ್‌ನಲ್ಲಿ ಎಸಿ ಹಾಕಿದ್ದರು. ಕುರ್ಚಿಗೊಂದು ನೀರಿನ ಬಾಟಲಿ ಇಟ್ಟಿದ್ದರು, ಅರ್ಧ ಕುಡಿದು ಬಿಟ್ಟವೇ ಹೆಚ್ಚು. ಕಂಪನಿಯ ನಾಚಾರಂ ಆಫೀಸಿನಿಂದ ಬಂದಿದ್ದ ಮ್ಯಾನೇಜರ್ ದೀಪಕ ಎಂಬುವರು ಪರದೆಯ ಮೇಲೆ ನಮ್ಮ ಕಾಲುವೆಯನ್ನು ಹಸಿರು ಬಣ್ಣದಲ್ಲಿ ತೋರಿಸಿದರು. ನನಗೆ ಶಾಲು ಹೊದಿಸಿ ಮೈಕು ಕೊಟ್ಟರು. ನಾನು ಹೇಳಿದ್ದು ಇಷ್ಟು: "ನಮ್ಮ ಕಾಲುವಿಗೆ ಹದಿಮೂರು ದಿನದಿಂದ ಹನಿ ನೀರು ಬಂದಿಲ್ರಿ. ಇದು ಉಳಿತಾಯ ಅಲ್ಲ. ನಮ್ಮ ಬಾಯಾಗ ಮಣ್ಣು ಹಾಕಿ ಅದನ್ನ ಉಳಿತಾಯ ಅಂತ ಕರೀತೀರಿ ನೀವು. ನಾಚಿಕಿ ಆಗ್ಬೇಕು."

ದೀಪಕರು ಮೈಕು ತೆಗೆದುಕೊಂಡು ನಗುನಗುತ್ತ ತೆಲುಗಿನಲ್ಲಿ ಹೇಳಿದರು: ಈ ತಾಯಿ ಹದಿಮೂರು ದಿನದಲ್ಲಿ ಒಂದು ಹನಿಯನ್ನೂ ಹಾಳು ಮಾಡಿಲ್ಲವಂತೆ, ಈ ಯೋಜನೆ ತಂದ ಎಲ್ಲರಿಗೂ ಕೈ ಮುಗಿಯುತ್ತಾರಂತೆ. ಇಡೀ ಹಾಲ್ ಚಪ್ಪಾಳೆ ತಟ್ಟಿತು. ಸುಶಾಂತರಿಗೆ ನಾನು ಆಡಿದ್ದು ಪೂರ್ತಿ ಅರ್ಥವಾಗಿತ್ತು. ಅವರು ತಲೆ ತಗ್ಗಿಸಿ ತಮ್ಮ ಬೂಟು ನೋಡಿಕೊಂಡರು. ನಾನು ತೆಲುಗಿನಲ್ಲೇ ಕೂಗಲು ಶುರು ಮಾಡಿದೆ, ಅಷ್ಟರಲ್ಲಿ ಹಾಡು ಹಚ್ಚಿದರು. ಅಬ್ಬಾ, ಎಂಥ ನಯವಾದ ಜನ! ಬೈದರೂ ಚಪ್ಪಾಳೆ ಹೊಡೆಯುತ್ತಾರೆ. ಶಾಲನ್ನು ಕುರ್ಚಿಯ ಮೇಲೆ ಒಗೆದು ಮೆಟ್ಟಿಲು ಇಳಿದು ಬಂದೆ. ಬಸ್ಸಿನಲ್ಲಿ ಪಕ್ಕದವಳು ಯಾಕಮ್ಮಾ ಅಳುತ್ತೀ ಎಂದು ಕೇಳಿದಾಗಲೇ ನಾನು ಅಳುತ್ತಿದ್ದೇನೆಂದು ನನಗೆ ಗೊತ್ತಾದದ್ದು. ಅದು ಸಿಟ್ಟಿನ ಅಳು, ಬೇರೆಯದಲ್ಲ.

21-02-2025ರ ಶುಕ್ರವಾರ ಬೆಳಿಗ್ಗೆ ಏಳು ಗಂಟೆಗೆ ನಾನು ಮನೆಯಿಂದ ಹಾರೆ ತೆಗೆದುಕೊಂಡು ಗೇಟಿನ ಹತ್ತಿರ ಹೋದೆ. ಹಿಂದೆ ನಮ್ಮ ಕಾಲುವೆಯ ಹೆಂಗಸರು ಐದು ಜನ ಬಂದರು, ಆದರೆ ಹಾರೆ ನನ್ನ ಕೈಯಲ್ಲೇ ಇತ್ತು. ಅಂಬಾದಾಸ ಓಡಿ ಬಂದು ಕಬ್ಬಿಣದ ಕಂಬಕ್ಕೆ ಬೆನ್ನು ಹಚ್ಚಿ ನಿಂತ.

"ಹಂಪಕ್ಕಾ, ಬ್ಯಾಡ. ಇದಕ್ಕ ಏನಾರ ಆತಂದ್ರ ಮೊದಲ ನನ್ನ ಹಿಡೀತಾರ" ಎಂದ.

"ನೀ ಅತ್ಲಾಗ ಸರಿ. ಕೇಳಿದವ್ರಿಗೆ ನನ್ನ ಹೆಸರು ಹೇಳು" ಎಂದು ಅವನನ್ನು ದೂಡಿ ಕಂಬದ ಬುಡಕ್ಕೆ ಹೊಡೆದೆ. ಗೇಟಿನ ಬಾಗಿಲು ಕೀಳಬೇಕೆಂಬುದೇ ನನ್ನ ಉದ್ದೇಶವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಬಾಗಿಲನ್ನು ಮುಟ್ಟುವ ಮೊದಲೇ ಆ ಕಬ್ಬಿಣದ ತೋಳು ಗಡಗಡ ನಡುಗಿ ಅದಕ್ಕೆ ಕಟ್ಟಿದ್ದ ಉಡಿ ಕಳಚಿ ಒಣ ಕಾಲುವೆಗೆ ಬಿತ್ತು. ಹೆಂಗಸರೆಲ್ಲ ಅಯ್ಯೋ ಶಿವನೇ ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡರು. ಗಂಗವ್ವನ ಉಡಿ ಕೆಡವಿದೆನಲ್ಲ ಎಂದು ಹಾರೆ ಕೆಳಗಿಟ್ಟು ಗಲ್ಲ ಗಲ್ಲ ಬಡಿದುಕೊಂಡೆ.

ಚಹಾ ಒಂದು ಕುದಿ ಬರುವಷ್ಟು ಹೊತ್ತು ಆಗಿರಬಹುದು. ಗೇಟಿನೊಳಗೆ ಗುರ್ ಎಂದು ಸದ್ದಾಯಿತು. ಗೇಟು ತಾನೇ ಮೇಲೆದ್ದಿತು. ನಾವು ಯಾರೂ ಅದನ್ನು ಮುಟ್ಟಿರಲಿಲ್ಲ. ಹಿಂದೆ ನಿಂತಿದ್ದ ನೀರು ನುಗ್ಗಿ ಬಂದು, ಉಡಿಯನ್ನು ಎತ್ತಿಕೊಂಡು, ನಮ್ಮ ಹೊಲಗಳ ಕಡೆ ಹೋಯಿತು. ಅಂಬಾದಾಸ ತೋಳಿನ ತುದಿಯ ಡಬ್ಬಿಯನ್ನೂ ನೀರನ್ನೂ ನೋಡಿ ಮೆಲ್ಲಗೆ, "ಅಕ್ಕಾ, ಆ ಕಣ್ಣಿಗೆ ನಮ್ಮ ಉಡಿನೇ ನೀರಂತ ಕಂಡೈತಿ. ಕಾಲುವಿ ತುಂಬೈತಿ ಅಂತ ತಿಳಕೊಂಡು ಬಾಗಲಾ ಹಾಕ್ಕೊಂಡು ಕುಂತೈತಿ" ಎಂದ.

ಉಡಿ ಹೋಗಲು ನೀರು ಬರಬೇಕು, ನೀರು ಬರಲು ಉಡಿ ಹೋಗಬೇಕು. ಹೀಗೆ ಎರಡು ವಾರ ನಮ್ಮ ಬೆಳೆ ಒಣಗಿದೆ. ಒಬ್ಬರೇ ಒಬ್ಬರು ನಾಚಾರಂನಿಂದ ಬಂದು ಒಂದು ಸಲ ಇಣುಕಿದ್ದರೆ ಸಾಕಿತ್ತು. ಸ್ಕ್ರೀನು ನೋಡಿದರು, ವಿಡಿಯೋ ನೋಡಲಿಲ್ಲ. ಅಂಕಿ ನೋಡಿ ಶಾಲು ತಂದರು, ಹೊಲ ನೋಡಲಿಲ್ಲ. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾನು ಆಗಲೇ ಸುಶಾಂತರಿಗೆ ಫೋನು ಮಾಡಿ, ಹಾರೆಯಿಂದ ಹೊಡೆದೆ, ಉಡಿ ಬಿತ್ತು, ಗೇಟು ತೆರೆಯಿತು ಎಂದು ಎಲ್ಲವನ್ನೂ ಹೇಳಿದೆ. ಅವರು, "ಅಮ್ಮ, ದಯವಿಟ್ಟು ಇದನ್ನ ಯಾರ ಹತ್ರಾನೂ ಹೇಳಬೇಡಿ" ಎಂದರು. ಮರುದಿನ ಅಂಬಾದಾಸನ ಮೇಲೆ ದೂರು ಬಂತು. ಮೂರನೇ ಕಾಲುವೆಯಲ್ಲಿ ಇದ್ದಕ್ಕಿದ್ದಂತೆ ನೀರು ಹರಿದಿದೆ, ಕಂಬಕ್ಕೆ ಪೆಟ್ಟಾಗಿದೆ, ಆದ್ದರಿಂದ ನೀರು ಬಿಡುವವನೇ ಕದ್ದಿದ್ದಾನೆ ಎಂದು ಅದರಲ್ಲಿದೆಯಂತೆ. ಹೊಡೆದವಳು ಯಾರೆಂದು ಗೊತ್ತಿದ್ದೂ ಅವನ ಹೆಸರು ಬರೆಸಿದ್ದಾರೆ. ಗುರುವಾರ ಶಾಲು ಹೊದಿಸಿದವಳನ್ನು ಶನಿವಾರ ಕಳ್ಳಿ ಎನ್ನಲು ನಾಲಿಗೆ ಹೊರಳಿರಲಿಕ್ಕಿಲ್ಲ. ಸಿಕ್ಕವನು ಅಂಬಾದಾಸ.

ಈ ದಿನ ಬೆಳಿಗ್ಗೆ ನಾನು ಠಾಣೆಗೆ ಬಂದಾಗ ದೀಪಕರೂ ಸುಶಾಂತರೂ ವರಾಂಡದಲ್ಲಿ ಕಾಯುತ್ತಿದ್ದರು. ದೀಪಕರು ಇಂಗ್ಲಿಷಿನಲ್ಲಿ ಮಾತಾಡಿದ್ದನ್ನು ಸುಶಾಂತರು ಕನ್ನಡಕ್ಕೆ ತಿರುಗಿಸಿದರು. ಹೆಂಗಸರು ಕಂಪನಿಗೆ ಹೇಳದೆ, ಉದ್ಘಾಟನೆ ಆದ ಮೇಲೆ, ಮೂಢನಂಬಿಕೆಯಿಂದ ಗೇಟಿನ ಕಣ್ಣಿಗೆ ಗಂಟು ಕಟ್ಟಿದರು ಎಂದು ನಾನು ಹೇಳಿಕೆ ಕೊಡಬೇಕಂತೆ. ಕೊಟ್ಟರೆ ದೂರು ವಾಪಸು, ಅಂಬಾದಾಸ ಮಧ್ಯಾಹ್ನದೊಳಗೆ ಮನೆಗೆ. ಅಷ್ಟೇ ಅಲ್ಲ, ನಮ್ಮ ಬೆಳೆ ಎತ್ತಿಕೊಳ್ಳಲೆಂದು ಈ ಹಂಗಾಮು ಮುಗಿಯುವ ತನಕ ಮೂರನೇ ಕಾಲುವೆಗೆ ಹಗಲೂ ರಾತ್ರಿ ಗೇಟು ತೆರೆದಿಡುತ್ತಾರಂತೆ.

ನಾನು ಸುಶಾಂತರನ್ನು ಕೇಳಿದೆ: "ಹಗಲೂ ರಾತ್ರಿ ನಮಗ ಬಿಟ್ರ, ಯಾರ ಪಾಳಿ ಕಡೀತೀರಿ?"

ಅವರು ಮ್ಯಾನೇಜರ ಮುಖ ನೋಡಿ, "ನಾಲ್ಕನೇ ಕಾಲುವೆದು ಸ್ವಲ್ಪ ಕಮ್ಮಿ ಮಾಡ್ತೀವಿ ಅಮ್ಮ. ಸ್ಕ್ರೀನ್‌ನಲ್ಲಿ ಅಡ್ಜಸ್ಟ್ ಮಾಡಬಹುದು" ಎಂದರು.

ನಾಲ್ಕನೇ ಕಾಲುವೆಯ ತುದಿಯಲ್ಲಿರುವುದು ಅಂಬವ್ವನ ಹೊಲ. ಗಂಡ ಇಲ್ಲ. ಒಬ್ಬಳೇ ಪುಂಡಿಪಲ್ಲೆ, ಮೆಂತೆ ಬೆಳೆಯುತ್ತಾಳೆ. ಈ ಎರಡು ವಾರ ನನ್ನ ಸಸಿಗೆ ಕೊಡ ತುಂಬಿಸಿ ಕೊಟ್ಟವಳು ಅವಳೇ, ತನ್ನ ಪಾಳಿಯ ನೀರಿನಲ್ಲಿ. ಹನಿ ಉಳಿಸಿ, ಹನಿ ಉಳಿಸಿ ಎಂದು ವರ್ಷವಿಡೀ ನಮ್ಮ ಕಿವಿ ಕೊರೆದ ಜನ, ತಮ್ಮ ಮರ್ಯಾದೆ ಉಳಿಸಿಕೊಳ್ಳಲು ಅವಳ ನೀರು ತೆಗೆದು ನನ್ನ ಹೊಲದಲ್ಲಿ ಸುರಿಯಲು ಸಿದ್ಧರಾಗಿದ್ದಾರೆ. ಥೂ!

ಆದರೂ ನಾನು ಆ ಕ್ಷಣವೇ ಇಲ್ಲ ಎನ್ನಲಿಲ್ಲ. ಒಳಗೆ ಕೂತಿರುವುದು ನಾನಲ್ಲ. ನನ್ನ ಸಿಟ್ಟಿಗೆ ಇನ್ನೊಬ್ಬ ಸರಳಿನ ಹಿಂದೆ ಕೊಳೆಯುವುದು ಯಾವ ನ್ಯಾಯ ಎಂದು ಶೈಲಾ ಅವರ ಅಪ್ಪಣೆ ಪಡೆದು ಅಂಬಾದಾಸನ ಹತ್ತಿರ ಹೋದೆ. ರಾತ್ರಿ ಅವನು ನಿದ್ದೆ ಮಾಡಿರಲಿಲ್ಲ. ಕಂಪನಿಯವರು ಹೇಳಿದ್ದನ್ನೆಲ್ಲ ಹೇಳಿ, ಹೂಂ ಅನ್ನಲೇನು, ನಿನ್ನ ಮಾತಿನಂತೆ ಮಾಡುತ್ತೇನೆ ಎಂದೆ. ಅವನು ಮಧ್ಯಾಹ್ನ ಮನೆಗೆ ಹೋಗುವುದರ ಬಗ್ಗೆ ಒಂದು ಮಾತೂ ಕೇಳಲಿಲ್ಲ. ನಾಲ್ಕನೇ ಕಾಲುವೆ ಎಂದು ಕೇಳಿದ ಕೂಡಲೇ ಸರಳು ಹಿಡಿದು ಎದ್ದು ನಿಂತ.

"ಅಂಬವ್ವನ ಪಾಳಿ ಮಂಗಳವಾರ ಐತಿ ಅಕ್ಕಾ. ಇವ್ರು ಕಡೀಲಿಕ್ಕೆ ಯಾರು? ಬ್ಯಾಡ ಅನ್ನು" ಎಂದ.

ಶೈಲಾ ಅವರು ನನಗೆ ತಿಳಿಹೇಳಿದ್ದಾರೆ. ಹಾರೆಯಿಂದ ಹೊಡೆದೆ ಎಂಬ ಸಾಲು ಇದರಲ್ಲಿ ಉಳಿದರೆ ಕೇಸು ನನ್ನ ಮೇಲೆಯೇ ಬರುತ್ತದೆ, "ಅಕ್ಕಾ, ಇನ್ನೊಮ್ಮಿ ವಿಚಾರ ಮಾಡ್ರಿ, ತೆಗೀಲೇನ್ರಿ?" ಎಂದು ಎರಡು ಸಲ ಕೇಳಿದ್ದಾರೆ. ತೆಗೆಯಬಾರದು. ಉಡಿಯನ್ನು ಕಣ್ಣಿನ ಕೆಳಗೆ ಸರಿಸಿದವರು ಯಾರು ಎಂಬ ಸಾಲನ್ನೂ ತೆಗೆಯಬಾರದು. ಅಂಬಾದಾಸನನ್ನು ಈಗಲೇ ಬಿಡಬೇಕು, ಅವನ ಜಾಗದಲ್ಲಿ ನನ್ನನ್ನು ಕೂರಿಸಬೇಕು. ಮಂಗಳವಾರ ನಾಲ್ಕನೇ ಕಾಲುವೆಯಿಂದ ಅಂಬವ್ವನ ಹೊಲಕ್ಕೆ ನೀರು ತಿರುಗಿಸಲು ಅವನು ಅಲ್ಲಿರಬೇಕು.

ಇದೆಲ್ಲವೂ ನಾನು ಬಾಯಿಬಿಟ್ಟು ಹೇಳಿ ಬರೆಸಿದ್ದು. ಶೈಲಾ ಅವರು ಓದಿ ಹೇಳಿದಾಗ ಕೂತು ಪೂರ್ತಿ ಕೇಳಿದ್ದೇನೆ. ಇದರಲ್ಲಿ ಸುಳ್ಳಿಲ್ಲ, ಯಾರ ಹೆದರಿಕೆಯೂ ಇಲ್ಲ, ಯಾರ ತರ್ಜುಮೆಯೂ ಇಲ್ಲ. ಕೋರ್ಟಿನಲ್ಲಿ ಕೇಳಿದರೂ ಇದನ್ನೇ, ಇದೇ ದನಿಯಲ್ಲಿ ಹೇಳುತ್ತೇನೆ.

ಸ್ಥಳ: ಠಾಣೆಯ ವರಾಂಡ, ಶಂಶಾಬಾದ್ ಹತ್ತಿರ
ದಿನಾಂಕ: 23-02-2025, ಮಧ್ಯಾಹ್ನ ಹನ್ನೆರಡೂ ಮುಕ್ಕಾಲು

ಸಹಿ: ಹಂಪಮ್ಮ

ಬರೆದುಕೊಂಡವರು, ನನ್ನ ಎದುರು ಸಹಿ ಆಗಿದೆ: ಶೈಲಾ, ಹೆಡ್ ಕಾನ್‌ಸ್ಟೇಬಲ್